ಮಲ್ಲಿಗೆ ಪಾತಿಗೆ ಅಂಚು

ಅಪ್ಪ ದಾವಣಗೆರೆಯ ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಮ್ಮ ಗ್ಯಾಸ್ ಒಲೆಯ ಎರಡೂ ಕಡೆ ಸಾರು ಕುದಿಯುತ್ತಿತ್ತು. ಒಂದು ಅವ್ವನದು, ಇನ್ನೊಂದು ಅತ್ತಿಗೆಯದು. ಅವ್ವನ ಸಾರಿಗೆ ಉಪ್ಪಿತ್ತು, ಮೇಲೆ ಎಣ್ಣೆ ತೇಲುತ್ತಿತ್ತು. ಅತ್ತಿಗೆಯ ಸಾರಿನಲ್ಲಿ ಅವೆರಡೂ ಇರಲಿಲ್ಲ. ಬದಲಿಗೆ ಅರ್ಧ ನಿಂಬೆಹಣ್ಣು ಹಿಂಡಿದ್ದಳು.

"ಸಾಯೋ ಮನಿಷ್ಯಾಗೂ ಇಂಥಾ ಸಪ್ಪಂದು ಹಾಕಂಗಿಲ್ಲ" ಅಂದಳು ಅವ್ವ.

"ಸಾಯಬಾರದು ಅಂತ್ಲೇ ಸಪ್ಪಂದು ಮಾಡೀನ್ರಿ ಅತ್ತಿ" ಅಂದಳು ಅತ್ತಿಗೆ.

ಎರಡೂ ಬಟ್ಟಲು ಅಪ್ಪನ ಮುಂದೆ ಬಂದವು. ಅಪ್ಪ ಎರಡನ್ನೂ ನೋಡಿ ನನ್ನ ಕಡೆ ತಿರುಗಿದ. "ಕೊಟ್ರಿ, ನಿನಗ ಯಾವ್ದು ಬೇಕೋ ತಗಾ. ಉಳಿದಿದ್ದು ನನಗಿರ್ಲಿ." ನಾನು ಅವ್ವನ ಬಟ್ಟಲು ಎತ್ತಿಕೊಂಡೆ. ಅಪ್ಪನಿಗೆ ಬೇಕಾಗಿದ್ದೂ ನಾನು ಅದನ್ನು ಎತ್ತಿಕೊಳ್ಳುವುದೇ. ಯಾರಿಗೂ ಬೇಡ ಅನ್ನದೆ ಬೇಕಾದ್ದನ್ನು ಪಡೆಯುವುದು ಅಂಗಡಿಯವರಿಗೆ ಗೊತ್ತಿರುತ್ತದೆ.

ನಮ್ಮದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ಬಸ್ಸು ನಿಲ್ಲುವ ಜಾಗದ ಹತ್ತಿರ ಅಪ್ಪನ ಕಿರಾಣಿ ಅಂಗಡಿ ಇದೆ. ಹೆಸರು ಕರಿಸಿದ್ದಪ್ಪ, ಆದರೆ ಊರವರಿಗೆ ಸಾವ್ಕಾರ. ಅಣ್ಣ ಅರುಣಕುಮಾರ್ ಸಣ್ಣ ಗೂಡ್ಸ್ ಗಾಡಿ ಓಡಿಸುತ್ತಾನೆ, ಅಪ್ಪನಿಗೆ ಹುಷಾರಿಲ್ಲದಾಗಿನಿಂದ ಬಿಡುವಾದಾಗ ಅಂಗಡಿಯನ್ನೂ ಅವನೇ ತೆಗೆಯುತ್ತಿದ್ದ. ಅವನ ಹೆಂಡತಿ ಗಂಗಾಂಬಿಕಾ ಹೂವಿನ ಹಡಗಲಿಯವಳು, ನಮ್ಮ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅವ್ವನಿಗೆ ಆಪರೇಷನ್ ಆಯಿತು. ಮನೆಮಗಳು ಅಂತ ಶಾಲೆ ಬಿಟ್ಟು ಅಡುಗೆ ನೋಡಿಕೊಳ್ಳಲು ಮನೆಯಲ್ಲಿ ಉಳಿದೆ, ಹಾಗೇ ಉಳಿದುಬಿಟ್ಟೆ.

ಅಪ್ಪನಿಗೆ ಎದೆನೋವು ಬಂದ ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಎದೆ ಉರಿ ಅಂತ ಅಪ್ಪ ಬಾಗಿಲ ಹತ್ತಿರ ಕೂತ. ಅವ್ವ ಗ್ಯಾಸು ಅಂದುಕೊಂಡು ಅಜವಾನ ಕುದಿಯಲು ಇಟ್ಟಳು. ಅತ್ತಿಗೆ ಬಂದು ಅಪ್ಪನ ಹಣೆ ಮುಟ್ಟಿದಳು. ಬೆವರು ತಣ್ಣಗಿತ್ತು. ಎಡಗೈ ಜಗ್ಗುತ್ತದೆಯಾ ಅಂತ ಕೇಳಿದಳು. ಅಪ್ಪ ಹೂಂ ಅಂದ. ಅವಳು ಯಾರನ್ನೂ ಕೇಳಲಿಲ್ಲ. ಅಣ್ಣನಿಗೆ ಫೋನು ಮಾಡಿ ಗಾಡಿ ತರಿಸಿ, ಅಪ್ಪನನ್ನು ಹತ್ತಿಸಿ, ತಾನೂ ಹತ್ತಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಅಂತ ದಾವಣಗೆರೆಯ ಡಾಕ್ಟರು ಹೇಳಿದರಂತೆ. ಇತ್ತ ಅಜವಾನದ ನೀರು ಒಲೆಯ ಮೇಲೆ ಇಂಗಿ ಪಾತ್ರೆ ಕರಕಾಗಿತ್ತು. ಅದನ್ನು ನಾನೇ ತಿಕ್ಕಿದೆ. ಆ ಬೆಳಗಿನ ಮಾತನ್ನು ಅವ್ವ ಮತ್ತೆ ಎತ್ತಲಿಲ್ಲ. ಅತ್ತಿಗೆಯೂ ಎತ್ತಲಿಲ್ಲ.

ಅಪ್ಪ ದಿನಾ ಸ್ವಲ್ಪ ಹೊತ್ತು ಹೊರಗೆ ಗಾಳಿಗೆ ಕೂರಬೇಕು ಅಂತ ಡಾಕ್ಟರು ಹೇಳಿದ್ದರು. ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸುತ್ತಿದ್ದೆವು. ಎದುರಿಗೆ ಗೋಡೆ. ಗೋಡೆಯ ಮೇಲೆ ಮೆಕ್ಕೆಜೋಳದ ಬೀಜದ ಜಾಹೀರಾತು. ಕೆಲವು ದಿನ ಕಳೆದ ಮೇಲೆ ಅಪ್ಪ ಅಂದ, "ಆ ತೆನಿ ನನ್ನ ನೋಡಿ ಹಲ್ಲು ಕಿರೀತೈತಿ. ನನಗೂ ಅದಕ್ಕೂ ಇನ್ನ ಮಾತು ಉಳಿದಿಲ್ಲ."

ಅತ್ತಿಗೆ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿದಳು. "ಮಾವಾರ, ಇಲ್ಲೊಂದು ಮಲ್ಲಿಗಿ ಪಾತಿ ಮಾಡ್ತೀನ್ರಿ. ಕುಂತ ಜಾಗದಾಗ ವಾಸನಿ ಬರ್ತೈತಿ."

"ಮೆಕ್ಕಿಜೋಳ ಮನಿಗೆ ಬಂದಾಗ ಎಲ್ಲಿ ಒಣಗಸ್ಲಿ? ನಿನ್ನ ಮಲ್ಲಿಗಿ ಮ್ಯಾಲೇನು?" ಅಂದಳು ಅವ್ವ ಒಳಗಿಂದ.

"ಮರದ ಬುಡದಾಗ ನೆಳ್ಳು ಇರತೈತ್ರಿ ಅತ್ತಿ. ಅಲ್ಲಿ ಹೆಂಗೂ ನೀವು ಒಣಗಸಂಗಿಲ್ಲ. ಸ್ವಲ್ಪ ಈ ಕಡೆ, ಬಿಸಿಲು ಬೀಳೋ ಕಡೆ ಮಾಡ್ತೀನಿ."

"ಹೂವು ಹೊಟ್ಟಿ ತುಂಬಸ್ತದೇನು?"

"ನಮ್ಮ ಮನ್ಯಾಗ ಅದೇ ತುಂಬಸೈತ್ರಿ" ಅಂದಳು ಅತ್ತಿಗೆ. ಅವಳ ತವರಿನವರು ಮಲ್ಲಿಗೆ ಬೆಳೆಯುವವರು. ಅವ್ವ ಒಪ್ಪಿದಳು ಅಂತಲೂ ಅಲ್ಲ, ಬೇಡ ಅಂದಳು ಅಂತಲೂ ಅಲ್ಲ.

ಮಳೆ ಒಂದು ಹದ ಬಿದ್ದಿತ್ತು. ಅತ್ತಿಗೆಯ ಅಣ್ಣ ಗುರುಬಸವರಾಜ ಹಡಗಲಿಯಿಂದ ಬೇರು ಬಿಟ್ಟ ಮಲ್ಲಿಗೆ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸಿನವರ ಕೈಯಲ್ಲಿ ಕಳಿಸಿದ. ಕೂಸು ಬಂದಹಾಗೆ ಅತ್ತಿಗೆ ಅದನ್ನು ಎರಡು ಕೈಯಲ್ಲಿ ಇಳಿಸಿಕೊಂಡಳು. ಅಣ್ಣ ಗುದ್ದಲಿ ಹಿಡಿದ. ಅಪ್ಪ ಕುರ್ಚಿಯಲ್ಲಿ ಕೂತು ಹುಕುಂ ಕೊಡತೊಡಗಿದ. ಅಪ್ಪ ಜೋರಾಗಿ ಮಾತಾಡಿದ್ದು ಆಸ್ಪತ್ರೆಯಿಂದ ಬಂದ ಮೇಲೆ ಅವತ್ತೇ ಮೊದಲು.

ಮಣ್ಣು ಮಳೆಗೆ ಹರಿದುಹೋಗದಂತೆ ಪಾತಿಗೆ ಅಂಚು ಕಟ್ಟಬೇಕಿತ್ತು. ಯಾವುದರಿಂದ ಅನ್ನುವುದೇ ದೊಡ್ಡ ಚರ್ಚೆಯಾಯಿತು.

"ಬಾಟ್ಲಿ ಬೋರಲು ಹುಗದ್ರ ಮಸ್ತ್ ಕಾಣ್ತಾವ" ಅಂದ ಅಣ್ಣ. "ಡಾಬಾದ ಹಿಂದ ಬೇಕಾದಷ್ಟು ಬಿದ್ದಾವ."

"ಹಾರ್ಟ್ ಪೇಷಂಟ್ ಮನಿ ಮುಂದ ಬೀರ್ ಬಾಟ್ಲಿ ಸಾಲು" ಅಂದಳು ಅತ್ತಿಗೆ. "ನೋಡಾಕ ಬಂದೋರು ಯಾಕ ಹಿಂಗಾತು ಅಂತ ಕೇಳಾದೇ ಬ್ಯಾಡ."

ಅಪ್ಪ ನಕ್ಕು ಎದೆ ಹಿಡಿದುಕೊಂಡ. ನಾವು ಹೆದರಿ ಹತ್ತಿರ ಓಡಿದೆವು. "ನಗಿ ಬಂತಲೇ, ಏನಾಗಿಲ್ಲ" ಅಂದ.

ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿದರೆ ಹಲ್ಲುಹಲ್ಲಾಗಿ ಚೆಂದ ಬರುತ್ತದೆ ಅಂತ ಅಪ್ಪನ ಸಲಹೆ. "ಬಚ್ಚಲಕ್ಕ ಅಂತ ಇಟ್ಟ ಇಟ್ಟಿಗಿ ಮುಟ್ಟಿದ್ರ ನೋಡ್ರಿ" ಅಂತ ಕಿಟಕಿಯಿಂದ ಅವ್ವನ ದನಿ ಬಂತು. ಕಡೆಗೆ ಉಳಿದದ್ದು ಕಲ್ಲು. ಹೊಲದ ಬದುವಿನಲ್ಲಿ ಆಯ್ದು ಹಾಕಿದ ರಾಶಿಯೇ ಇತ್ತು.

"ಕೊಟ್ರಿ, ನೀ ಹೇಳು" ಅಂದಳು ಅತ್ತಿಗೆ. "ಸಣ್ಣ ಕಲ್ಲು ಒತ್ತೊತ್ತಾಗಿ ಇಡೂನೋ, ದೊಡ್ಡ ಕಲ್ಲೋ?"

ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಹಾಗೆ ಕೇಳುತ್ತಿರಲಿಲ್ಲ. ಪ್ರೀತಿ ಇಲ್ಲ ಅಂತಲ್ಲ, ರೂಢಿ ಇಲ್ಲ. ನಾನು ದೊಡ್ಡದು ಅಂದೆ. ಅವಳು "ಆತು, ದೊಡ್ಡದು" ಅಂತ ಅಣ್ಣನಿಗೆ ಹೇಳಿದಳು. ಇಷ್ಟೇ ಮಾತು. ಅವತ್ತೆಲ್ಲ ನನಗೆ ಕೆಲಸ ಭಾರ ಅನಿಸಲಿಲ್ಲ.

ಅವ್ವ ಮಾರನೆಯ ದಿನ ಮುಂಜಾನೆಯೇ ಓಣಿಯ ಹೆಂಗಸರ ಜೊತೆ ಟೆಂಪೋ ಹತ್ತಿ ಉಚ್ಚಂಗಿದುರ್ಗಕ್ಕೆ ಹೋದಳು. ಅಪ್ಪ ಉಳಿದು ಬಂದರೆ ಬೆಟ್ಟ ಹತ್ತಿ ಉಚ್ಚಂಗೆಮ್ಮನಿಗೆ ಹಣ್ಣುಕಾಯಿ ಕೊಡುತ್ತೇನೆ ಅಂತ ಹರಕೆ ಹೊತ್ತಿದ್ದಳು. ಅವಳಿಲ್ಲದ ಮನೆಯಲ್ಲಿ ನಾವು ಪಾತಿ ಮುಗಿಸಿದೆವು. ಮರಕ್ಕೂ ನೀರಿನ ತೊಟ್ಟಿಗೂ ನಡುವಿನ ಜಾಗ ಚೌಕವಾಗಿತ್ತು, ಪಾತಿಯೂ ಚೌಕವಾಯಿತು. ಮಲ್ಲಿಗೆಯ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ ಅಂತ ಅತ್ತಿಗೆ ನಡುವೆ ಮಣ್ಣು ಏರಿಸಿ, ತಟ್ಟಿ ತಟ್ಟಿ ಎತ್ತರ ಮಾಡಿದಳು. ಸುತ್ತ ದೊಡ್ಡ ಕಲ್ಲು ಕೂರಿಸಿದೆವು.

"ಯುಗಾದಿಗೆ ಹೊಡೆದ ಸುಣ್ಣ ಇನ್ನ ಬಕೀಟಿನಾಗ ಐತಿ" ಅಂದ ಅಪ್ಪ. "ಬಳೀರಿ. ಕಣ್ಣಿಗೆ ಹೊಡದಂಗ ಕಾಣ್ಲಿ."

ಬಳಿದೆವು. ಬಿಸಿಲಿಗೆ ಒಣಗಿ ಬೆಳ್ಳಗಾಯಿತು. ಅಣ್ಣ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದ. ಎಲ್ಲರೂ ಕೈಕಾಲು ತೊಳೆದು ಊಟಕ್ಕೆ ಕೂತೆವು. ಸಪ್ಪೆ ಸಾರು, ಬಿಸಿ ಮುದ್ದೆ. ಅಪ್ಪ ಇನ್ನೊಂದು ತುತ್ತು ಕೇಳಿದ.

ಅಷ್ಟರಲ್ಲಿ ಹೊರಗೆ ಅವ್ವನ ದನಿ ಕೇಳಿಸಿತು. "ಹಂಪಕ್ಕ, ಏನಿದು? ಏನು ಮಾಡಾಕತ್ತೀದಿ?"

ಹಂಪಕ್ಕ ನಮ್ಮ ಹಿಂದಿನ ಓಣಿಯವಳು, ಹೊಲದ ಕೂಲಿಗೆ ಹೋಗುವವಳು. ಅವಳ ಎಮ್ಮೆ ಕಾಣೆಯಾಗಿ ಊರೆಲ್ಲ ಹುಡುಕುತ್ತಿದ್ದಳು. ನಾವು ಓಡಿ ಬಂದು ನೋಡಿದರೆ ಚಪ್ಪಲಿ ದೂರ ಬಿಟ್ಟು, ಸೆರಗು ಹೊದ್ದು ಪಾತಿಯ ಮುಂದೆ ಕೂತಿದ್ದಾಳೆ. ಕಲ್ಲಿನ ಸಂದಿಯಲ್ಲಿ ಊದಿನಕಡ್ಡಿ ಹೊಗೆಯಾಡುತ್ತಿದೆ.

"ಯಾವ ಅಜ್ಜಾರ ಗದ್ದಿಗಿರಿ ಅಮ್ಮಾರ ಇದು?" ಅಂದಳು ಹಂಪಕ್ಕ ಕೈ ಜೋಡಿಸಿಕೊಂಡೇ. "ನಿನ್ನೆ ಇರಲಿಲ್ಲ. ನನ್ನ ಎಮ್ಮಿ ಸಿಗಲಿ ಅಂತ ಬೇಡ್ಕಂಡೆ."

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಹಿರಿಯರಾದರೆ, ಅಜ್ಜಾರು ಅನ್ನಿಸಿಕೊಂಡ ಸ್ವಾಮಿಗಳಾದರೆ, ಮೇಲೆ ಚೌಕವಾಗಿ ಕಲ್ಲಿಟ್ಟು, ನಡುವೆ ಎತ್ತರ ಮಾಡಿ, ಸುಣ್ಣ ಬಳಿಯುತ್ತಾರೆ. ಅದೇ ಗದ್ದಿಗೆ. ಹುಟ್ಟಿದಾಗಿನಿಂದ ನೋಡಿದ್ದೇವೆ, ಅಡ್ಡಬಿದ್ದಿದ್ದೇವೆ. ಆದರೂ ಬೆಳಗಿನಿಂದ ಕಲ್ಲು ಹೊತ್ತು, ಮಣ್ಣು ತಟ್ಟಿ, ಸುಣ್ಣ ಬಳಿದ ನಮ್ಮ ಮೂವರಿಗೂ, ಹುಕುಂ ಕೊಟ್ಟ ಅಪ್ಪನಿಗೂ ಅದು ಹೊಳೆದಿರಲಿಲ್ಲ. ಈಗ ಊದಿನಕಡ್ಡಿಯ ಹೊಗೆಯಲ್ಲಿ ನೋಡಿದರೆ ಅದು ಬೇರೇನೂ ಆಗಿರಲಿಲ್ಲ. ಪಕ್ಕದಲ್ಲಿ ಅಪ್ಪನ ಕುರ್ಚಿ.

ಅವ್ವನ ಕೈಯಲ್ಲಿ ಬೆಟ್ಟದಿಂದ ತಂದ ಪ್ರಸಾದದ ಚೀಲ ಇತ್ತು. ಅದನ್ನು ಕಟ್ಟೆಯ ಮೇಲೆ ಇಟ್ಟು ಅತ್ತಿಗೆಯ ಕಡೆ ತಿರುಗಿದಳು.

"ನಾ ಅಲ್ಲಿ ಬೆಟ್ಟ ಹತ್ತಿ ಇವರ ಆಯುಷ್ಯ ಬೇಡ್ಕೊಂಡು ಬಂದ್ರ, ನೀ ಇಲ್ಲಿ ಜಾಗ ತಯಾರು ಮಾಡೀಯೇನು?"

"ಅತ್ತಿ, ನೀರು ನಿಲ್ಲಬಾರದು ಅಂತ ನಡುವ ಏರಿಸೀನ್ರಿ. ಬೇರು ಕೊಳೀತಾವು..."

"ಕೊಳೀಲಿ."

"ನಾಗಲಿಂಗಿ, ಆ ಸುಣ್ಣ ಐತಲ್ಲ..." ಅಂದ ಅಪ್ಪ ಅವ್ವನಿಗೆ.

"ನೀವು ಸುಮ್ನಿರ್ರಿ. ಡಾಕ್ಟರು ಮಾತಾಡಬ್ಯಾಡ ಅಂದಾರ."

ಡಾಕ್ಟರು ಹಾಗೇನೂ ಅಂದಿರಲಿಲ್ಲ. ಅವ್ವ ಬಗ್ಗಿ ಕಲ್ಲುಗಳನ್ನು ಕಿತ್ತು ಒಂದೊಂದಾಗಿ ಚರಂಡಿಯ ಕಡೆ ಉರುಳಿಸತೊಡಗಿದಳು. ಅಂಗೈ ಸುಣ್ಣವಾಯಿತು, ಹೊಸ ಸೀರೆ ಸುಣ್ಣವಾಯಿತು. ಹಂಪಕ್ಕ ಮೆಲ್ಲಗೆ ಚಪ್ಪಲಿ ಹುಡುಕಿಕೊಂಡು ಹೋದಳು. ಸುಣ್ಣ ಬಳಿಯಲು ಹೇಳಿದ್ದು ಮಾವ ಅಂತ ಅತ್ತಿಗೆ ಒಂದು ಮಾತು ಅನ್ನಬಹುದಿತ್ತು. ಅವಳು ಅಪ್ಪನ ಮುಖ ನೋಡಿದಳು, ಆ ಮಾತು ಅನ್ನಲಿಲ್ಲ. ಬೇರೆ ಮಾತು ಅಂದಳು.

"ಅತ್ತಿ, ಮಾವಾರಿಗೆ ಜಾಗ ತಯಾರು ಮಾಡಬೇಕಂತ ಇದ್ದಿದ್ರ, ಅವತ್ತು ನಾ ಸುಮ್ನ ಕುಂತಿದ್ರ ಸಾಕಿತ್ತು."

ಅವ್ವ ಹಿಡಿದ ಕಲ್ಲನ್ನು ಅಲ್ಲೇ ಬಿಟ್ಟಳು. "ಅಂದ್ರ ನಾ ಕೊಲ್ತಿದ್ದೆ ಅಂತೀ?"

"ನಾ ಹಂಗ ಅನ್ನಲಿಲ್ಲ."

"ಅಂದಿ. ಎಲ್ಲರ ಎದುರಿಗೆ ಅಂದಿ. ಹೋಗವ್ವ, ನಿಮ್ಮ ಹಡಗಲಿಗೆ ಹೋಗು. ಅಲ್ಲಿ ಬೇಕಾದಷ್ಟು ಹೂವು ಹಚ್ಚು."

ಮರುದಿನ ಅತ್ತಿಗೆ ಎದ್ದು ರೊಟ್ಟಿ ಬಡಿದಳು, ಅಪ್ಪನ ಸಾರು ಬೇರೆ ಮಾಡಿ ಮುಚ್ಚಿಟ್ಟಳು, ಮಾತ್ರೆಗಳನ್ನು ಬಟ್ಟಲಿಗೆ ಹಾಕಿದಳು. ಆಮೇಲೆ ಬ್ಯಾಗು ತಗೊಂಡು ಅಪ್ಪನ ಕಾಲಿಗೆ ಬಿದ್ದಳು. ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ಬರಲಿಲ್ಲ. ಬಾಗಿಲಲ್ಲಿ ಅತ್ತಿಗೆ ನನ್ನ ಕಿವಿಯಲ್ಲಿ ಹೇಳಿದ್ದು ಇಷ್ಟೇ, "ನೀರು ಬುಡಕ್ಕ ಹಾಕು. ಎಲಿ ಮ್ಯಾಲ ಬ್ಯಾಡ."

"ನಾಲ್ಕು ದಿನ ಇದ್ದು ಬರ್ತಾಳ" ಅಂದ ಅಣ್ಣ, ಬಸ್ಸು ಹತ್ತಿಸಿ ಬಂದು.

ಅವಳು ಬರಲಿಲ್ಲ. ಒಂದು ವಾರ ಕಳೆಯಿತು, ಇನ್ನೊಂದು ಕಳೆಯಿತು. ಅಣ್ಣ ಫೋನು ಮಾಡಿದರೆ, "ಕರೀಬೇಕಾದೋರು ಕರದ್ರ ಬರ್ತೀನಿ" ಅನ್ನುತ್ತಿದ್ದಳು. ಅವ್ವನಿಗೆ ಹೇಳಿದರೆ, "ಹೋಗೋದು ಗೊತ್ತಿದ್ದೋರಿಗೆ ಬರೋದು ಗೊತ್ತಿಲ್ಲೇನು?" ಅನ್ನುತ್ತಿದ್ದಳು.

ಮನೆಯ ಊಟ ಕೆಟ್ಟಿತು. ಅವ್ವ ಈಗ ಅಪ್ಪನಿಗೆ ತಾನೇ ಸಪ್ಪೆ ಮಾಡುತ್ತಿದ್ದಳು. ಆದರೆ ಕೈ ರೂಢಿಯ ಮೇಲೆ ಉಪ್ಪಿನ ಡಬ್ಬಿಗೆ ಹೋಗುತ್ತಿತ್ತು. ಹಾಕಿದ ಮೇಲೆ ನೆನಪಾಗಿ ನೀರು ಸುರಿಯುತ್ತಿದ್ದಳು. ನೀರು ಜಾಸ್ತಿಯಾಯಿತು ಅಂತ ಬೇಳೆ ಹಾಕುತ್ತಿದ್ದಳು. ಒಬ್ಬನಿಗೆ ಅಂತ ಇಟ್ಟ ಸಾರು ಮದುವೆ ಮನೆಗೆ ಸಾಕಾಗುವಷ್ಟು ಆಗುತ್ತಿತ್ತು. ಅಪ್ಪ ಸುಮ್ಮನೆ ಉಣ್ಣುತ್ತಿದ್ದ, ಆದರೆ ಇನ್ನೊಂದು ತುತ್ತು ಕೇಳುತ್ತಿರಲಿಲ್ಲ. ಅಣ್ಣ ಗಾಡಿಯ ಕೆಲಸ ಅಂತ ಹೊರಗೇ ಉಂಡು ಬರುತ್ತಿದ್ದ. ನಾನು ಪಾತ್ರೆ ತೊಳೆದ ನೀರನ್ನಲ್ಲ, ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ತಂದು ಮಲ್ಲಿಗೆಯ ಬುಡಕ್ಕೆ ಹಾಕುತ್ತಿದ್ದೆ. ಕಲ್ಲು ಹೋಗಿ ಬರೀ ಮಣ್ಣಿನ ಗುಪ್ಪೆ ಉಳಿದಿತ್ತು. ಕಡ್ಡಿಗಳು ಸತ್ತಿರಲಿಲ್ಲ. ಅವ್ವ ಅದನ್ನು ನೋಡಿಯೂ ನೋಡದವಳಂತೆ ಓಡಾಡುತ್ತಿದ್ದಳು. ಒಮ್ಮೆ ಮೇಕೆಯೊಂದು ಅದಕ್ಕೆ ಬಾಯಿ ಹಾಕಲು ಬಂದಾಗ, "ಹೈ ಹೈ" ಅಂತ ಓಡಿಸಿದವಳೂ ಅವಳೇ.

ಒಂದು ದಿನ ಹಂಪಕ್ಕ ಬಂದಳು. ಕೈಯಲ್ಲಿ ತೆಂಗಿನಕಾಯಿ ಇತ್ತು.

"ಎಮ್ಮಿ ಸಿಕ್ತ್ರಿ ಅಮ್ಮಾರ. ಕೆರಿ ಆ ಕಡಿ ಜಾಲಿಯಾಗ ನಿಂತಿತ್ತು. ನಿಮ್ಮ ಗದ್ದಿಗಿ ಖರೇವ ಐತಿ ಬಿಡ್ರಿ."

"ಅದು ಗದ್ದಿಗಿ ಅಲ್ಲ ಮಾರಾಯ್ತಿ" ಅಂದಳು ಅವ್ವ. "ಮಲ್ಲಿಗಿ."

"ಮಲ್ಲಿಗಿ ಅಜ್ಜಾರ?" ಅಂದಳು ಹಂಪಕ್ಕ ಕೈ ಮುಗಿಯುತ್ತ.

ಅಪ್ಪ ಕುರ್ಚಿಯಲ್ಲಿ ಮುಖಕ್ಕೆ ಟವೆಲ್ ಹಿಡಿದುಕೊಂಡ. ಅವನ ಭುಜ ಅಲುಗುತ್ತಿತ್ತು.

ಹಂಪಕ್ಕ ಇದನ್ನು ನಾಟಿಗೆ ಹೋದ ಹೊಲದಲ್ಲೆಲ್ಲ ಹೇಳಿದ್ದಳು. ಮುಂದಿನ ಸೋಮವಾರ ಗೊತ್ತಿಲ್ಲದ ಹೆಂಗಸರಿಬ್ಬರು ಊದಿನಕಡ್ಡಿ ಹಿಡಿದು ನಮ್ಮ ಅಂಗಳಕ್ಕೆ ಬಂದರು. ಒಬ್ಬಳ ಮಗಳಿಗೆ ಗಂಡು ಕೂಡಿ ಬರಬೇಕಿತ್ತು. ಅವ್ವ ಅವರನ್ನು ಸಾಗಹಾಕುವಷ್ಟರಲ್ಲಿ ಸಾಕುಸಾಕಾದಳು. ಹಂಪಕ್ಕನನ್ನು ಕರೆಸಿದಳು.

"ನೀನ ಹಬ್ಬಿಸೀದಿ, ನೀನ ಹೇಳು. ಇದನ್ನ ಹೆಂಗ ಮಾಡಿದ್ರ ಗದ್ದಿಗಿ ಕಂಡಂಗ ಕಾಣಂಗಿಲ್ಲ?"

ಹಂಪಕ್ಕ ಕೆನ್ನೆಗೆ ಕೈಯಿಟ್ಟು ನೋಡಿದಳು. "ಉದ್ದಕ ಮಾಡ್ರಿ."

"ಉದ್ದಕ ಮಾಡಿದ್ರ ಏನಾಕೈತಿ?"

"ನಮ್ಮೋರ ಗುಣಿ ಕಂಡಂಗ ಕಾಣ್ತೈತಿ. ನಾವು ಸತ್ತೋರನ್ನ ಮಲಗಿಸಿ ಮಣ್ಣು ಮಾಡ್ತೀವಲ್ರಿ."

"ದುಂಡಗ ಮಾಡಿದ್ರ?"

"ನಾಗರಕಟ್ಟಿ ಆತ್ರಿ. ಪಂಚಮಿಗೆ ಹಾಲು ಎರಿಯಾಕ ಬರ್ತಾರ."

"ಸುಣ್ಣದ ಮ್ಯಾಲ ಕೆಮ್ಮಣ್ಣಿನ ಪಟ್ಟಿ ಎಳೆದ್ರ?" ಅಂದ ಅಪ್ಪ, ಗಂಭೀರವಾಗಿ.

"ಗುಡಿ ಆತ್ರಿ ಸಾವ್ಕಾರ್ರ."

"ಕಿತ್ತು ಒಗದ್ರ ಮುಗೀತು" ಅಂದಳು ಅವ್ವ. ಆದರೆ ಕೀಳಲು ಏಳಲಿಲ್ಲ. ಕಡ್ಡಿಗಳಲ್ಲಿ ಹೊಸ ಎಲೆ ಬಂದಿದ್ದವು, ಎರಡೆರಡು, ಬೆರಳಿನ ಉಗುರಿನಷ್ಟು.

ಆ ಸಂಜೆ ಅಣ್ಣ ಮನೆಯಲ್ಲೇ ಉಣ್ಣಲು ಕೂತ. ಗುರುಬಸವರಾಜ ಫೋನು ಮಾಡಿದ್ದ ಅಂತ ಹೇಳಿದ. "ಹಡಗಲಿಯಾಗ ಹೂವಿನ ಲೋಡು ದಿನಾ ಇರ್ತೈತಂತ. ಗಾಡಿ ತಗೊಂಡು ಬಾ, ಇಲ್ಲೇ ಬಾಡಿಗಿ ಮನಿ ನೋಡೂನು ಅಂದಾನ. ನಾನೂ ಹೋಗ್ತೀನವ್ವ. ಅಕಿ ಅಲ್ಲಿ, ನಾ ಇಲ್ಲಿ, ಎಷ್ಟು ದಿನ?"

ಅವ್ವನ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಅರ್ಧ ಮಡಿಚಿ ಬಿತ್ತು. ನಾನು ಅದನ್ನು ಬಿಡಿಸಿ ತಿರುವಿ ಹಾಕಿದೆ. ಅಣ್ಣ ಹೋದರೆ ಅಂಗಡಿ ಯಾರು ನೋಡುತ್ತಾರೆ, ಅಪ್ಪನನ್ನು ತಪಾಸಣೆಗೆ ಯಾರು ಕರೆದೊಯ್ಯುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ನನಗೆ ಬೇರೆಯದೂ ಇತ್ತು. ಸಣ್ಣ ಕಲ್ಲೋ ದೊಡ್ಡ ಕಲ್ಲೋ ಅಂತ ನನ್ನನ್ನು ಕೇಳುವವರು ಇನ್ನು ಯಾರೂ ಇರುತ್ತಿರಲಿಲ್ಲ.

ಅಪ್ಪ ಕೈ ತೊಳೆದು, ಟವೆಲ್ಲಿಗೆ ಒರೆಸಿಕೊಂಡ. "ನಾಗಲಿಂಗಿ, ಸುಣ್ಣ ಬಳೀರಿ ಅಂದಾಂವ ನಾನು."

ಅವ್ವ ತಿರುಗಿದಳು.

"ಅವತ್ತ ಹೇಳಾಕ ಬಂದೆ. ನೀ ಬಾಯಿ ಮುಚ್ಚಿಸಿದಿ. ಆ ಹುಡುಗಿ ನನ್ನ ಹೆಸರು ಹೇಳಿ ತಪ್ಪಿಸ್ಕಂಬೋದಿತ್ತು. ಹೇಳಲಿಲ್ಲ. ನಿನ್ನ ಸಿಟ್ಟು ನನ್ನ ಮ್ಯಾಲ ಬಂದ್ರ ಎದಿಗೆ ತ್ರಾಸು ಆಗತೈತಿ ಅಂತ."

ಅವ್ವ ಕೈಯಲ್ಲಿದ್ದ ಹಿಟ್ಟಿನ ಉಂಡೆ ಕೆಳಗಿಟ್ಟಳು.

"ನನ್ನ ಗದ್ದಿಗಿ ಕಟ್ಟಾದನ್ನ ತಪ್ಪಿಸಿದಾಕಿ ಅಕಿ. ಅಕೀನ್ನ ಗದ್ದಿಗಿ ಕಟ್ಟೀದಿ ಅಂತ ಹೊರಗ ಹಾಕಿದಿ. ಇದು ಯಾವ ಅಂಗಡಿ ಲೆಕ್ಕ?"

ಅಪ್ಪ ಇಷ್ಟು ಹೇಳಿ ಎದ್ದು ಹೋದ. ಅವ್ವ ಒಲೆಯ ಮುಂದೆ ಕೂತೇ ಇದ್ದಳು. ನಾನು ಉಳಿದ ರೊಟ್ಟಿ ಬಡಿದು ಮುಗಿಸಿದೆ.

ಮರುದಿನ ಮಧ್ಯಾಹ್ನ ಅವ್ವ ಎಲ್ಲಿಗೆ ಅಂತ ಹೇಳದೆ ಹೋದಳು. ಬಂದಾಗ ಅವಳ ಸೆರಗಿನಲ್ಲಿ ಈರುಳ್ಳಿ ಸಸಿಗಳ ದೊಡ್ಡ ಕಟ್ಟು ಇತ್ತು. ಹಂಪಕ್ಕ ನಾಟಿ ಮಾಡುವ ಹೊಲದಲ್ಲಿ ಮಿಕ್ಕವು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಳೆ ಕೀಳುವ ಕುರ್ಚಿಗಿ ತಗೊಂಡು, ಪಾತಿಯ ಸುತ್ತ ಕಲ್ಲು ಇದ್ದ ಗೆರೆಯ ಮೇಲೆ ಗೀರು ಎಳೆದಳು. ಆ ಗೀರಿನುದ್ದಕ್ಕೂ ಸಸಿ ಊರುತ್ತ ಬಂದಳು. ನಾನು ಚೊಂಬಿನಲ್ಲಿ ನೀರು ತಂದು ಹಿಂದೆ ಹಿಂದೆ ನಡೆದೆ. ಅಪ್ಪ ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

"ಇದೇನಿದು ಹೊಸಾದು?"

"ಅಂಚು" ಅಂದಳು ಅವ್ವ. "ಗದ್ದಿಗಿ ಸುತ್ತ ಯಾರರ ಉಳ್ಳಾಗಡ್ಡಿ ಹಚ್ತಾರೇನು?"

ಅಪ್ಪನಿಗೆ ಒಂದು ಕ್ಷಣ ಬೇಕಾಯಿತು. ಗದ್ದಿಗೆಗೆ ಎಡೆ ಒಯ್ಯುವ ದಿನ ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಮುಟ್ಟುವುದೂ ಇಲ್ಲ. ಅದರ ವಾಸನೆ ಇರುವ ಕಡೆ ಯಾರೂ ಕಾಯಿ ಒಡೆಯುವುದಿಲ್ಲ.

"ಭಲೇ" ಅಂದ ಅಪ್ಪ. "ಹೂವೂ ಆತು, ಸಾರಿಗೂ ಆತು."

"ಮೇಕಿಗೂ ಆಗಬಾರ್ದು, ಸುತ್ತ ಜಾಲಿಮುಳ್ಳು ಇಡು ಅಂತ ಅರುಣಗ ಹೇಳ್ರಿ" ಅಂದಳು ಅವ್ವ, ಬಗ್ಗಿದವಳು ಏಳದೆ. ಆಮೇಲೆ ನನಗೆ, "ಕೊಟ್ರಿ, ನಾಳೆ ಲಗೂನ ಏಳು. ಹಡಗಲಿಗೆ ಹೋಗಿ ಬರೂನು."

ಬೆಳಿಗ್ಗೆ ಮೊದಲ ಬಸ್ಸಿಗೆ ಹರಪನಹಳ್ಳಿಗೆ ಹೋಗಿ, ಅಲ್ಲಿಂದ ಹಡಗಲಿ ಬಸ್ಸು ಹಿಡಿದೆವು. ಅವ್ವ ಚೀಲದಲ್ಲಿ ಒಂದು ಕುಪ್ಪಸದ ಕಣ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಇಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ಅವಳ ತುಟಿ ಅಲುಗುತ್ತಿತ್ತು. ಏನು ಅನ್ನಬೇಕು ಅಂತ ಪಾಠ ಮಾಡುತ್ತಿದ್ದಳು.

ಅತ್ತಿಗೆಯ ತವರಲ್ಲಿ ಹೂವಿನ ಕೆಲಸ ನಡೆದಿತ್ತು. ಪಡಸಾಲೆಯ ತುಂಬ ಒದ್ದೆ ಬಟ್ಟೆಯ ಮೇಲೆ ಮೊಗ್ಗು ಹರಡಿತ್ತು. ಅತ್ತಿಗೆಯ ಅವ್ವ ನಮ್ಮನ್ನು ನೋಡಿ ಎದ್ದು, "ಬರ್ರಿ ಬೀಗ್ತಿ, ಬರ್ರಿ" ಅಂತ ನೀರು ಕೊಟ್ಟಳು, ಚಹಾಕ್ಕೆ ಇಟ್ಟಳು. ಮುಖ ನಗುತ್ತಿತ್ತು, ಮಾತು ಅಳೆದು ಬರುತ್ತಿತ್ತು. ಅತ್ತಿಗೆ ತೋಟದಿಂದ ಬಂದಳು. ಸೀರೆಯ ಅಂಚು ಇಬ್ಬನಿಗೆ ಒದ್ದೆಯಾಗಿತ್ತು. ಅವ್ವನನ್ನು ಕಂಡು ಬಾಗಿಲಲ್ಲೇ ನಿಂತಳು. ಮೊದಲು ನನ್ನನ್ನು ಕೇಳಿದಳು.

"ಮಾವಾರು ಹೆಂಗದಾರ ಕೊಟ್ರಿ?"

"ಚೊಲೋ ಅದಾನ" ಅಂದೆ.

"ಪಾತಿ ಕಿತ್ತೀರೇನ್ರಿ?" ಇದು ಅವ್ವನಿಗೆ.

"ಇಲ್ಲ" ಅಂದಳು ಅವ್ವ. "ಉಳ್ಳಾಗಡ್ಡಿ ಹಚ್ಚೀನಿ, ಸುತ್ತ."

ಅತ್ತಿಗೆಗೆ ಅರ್ಥವಾಗಲಿಲ್ಲ. ನಾನು ಹೇಳಿದೆ. ಹಂಪಕ್ಕ, ಎಮ್ಮೆ, ಮಲ್ಲಿಗೆ ಅಜ್ಜಾರು, ಎಲ್ಲ ಹೇಳಿದೆ. ಅಷ್ಟು ಮಾತು ಒಮ್ಮೆಲೇ ಆಡಬಲ್ಲೆ ಅಂತ ನನಗೇ ಗೊತ್ತಿರಲಿಲ್ಲ. ಅತ್ತಿಗೆಯ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತಿಗೆ ನಗು ತಡೆಯಲು ನೋಡಿದಳು, ಆಗಲಿಲ್ಲ, ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು.

ಅವ್ವ ನಗಲಿಲ್ಲ. ಬಸ್ಸಿನಲ್ಲಿ ಮಾಡಿದ ಪಾಠ ಮರೆತುಹೋಗಿತ್ತು ಅಂತ ಕಾಣುತ್ತದೆ.

"ಅವತ್ತ ನಾ ಅಜವಾನ ಕುದಿಸ್ಕೋಂತ ಕುಂತಿದ್ದೆ" ಅಂದಳು. "ನಲವತ್ತು ವರ್ಷದ ಸಂಸಾರ, ಗಂಡನ ಬೆವರು ನನಗ ಗೊತ್ತಾಗ್ಲಿಲ್ಲ. ನಿನ್ನೆ ಮೊನ್ನೆ ಬಂದಾಕಿಗೆ ಗೊತ್ತಾತು. ಅದು ನನಗ ನುಂಗಾಕ ಆಗ್ಲಿಲ್ಲವ್ವ. ಚೊಲೋ ಮಾತು ಆಡೂನಂತ ಬಾಯಿ ತಗದ್ರ ಜಗಳಾನ ಬರ್ತಿತ್ತು."

ಅತ್ತಿಗೆಯ ನಗು ನಿಂತಿತು. "ಅತ್ತಿ, ನಮ್ಮ ಅಜ್ಜಗೂ ಹಿಂಗ ಆಗಿತ್ತ್ರಿ. ಅವತ್ತ ನಾವೂ ಗ್ಯಾಸು ಅಂದ್ಕಂಡಿದ್ವಿ. ಅದಕ್ಕ ಗೊತ್ತಾತು. ನೋಡಿದೋರಿಗೆ ಗೊತ್ತಾಕೈತಿ, ಅಷ್ಟ."

"ಆದ್ರೂ" ಅಂದಳು ಅವ್ವ. "ನನ್ನ ಮನಿ ಉಳಿಸಿದಿ."

ಒಲೆಯ ಮೇಲೆ ಚಹಾ ಉಕ್ಕಿತು. ಅತ್ತಿಗೆಯ ಅವ್ವ ಓಡಿದಳು. ಅವ್ವ ಚೀಲದಿಂದ ಕುಪ್ಪಸದ ಕಣ, ಕೊಬ್ಬರಿ ತೆಗೆದು, ಅವರಿಂದ ಒಂದಿಷ್ಟು ಅಕ್ಕಿ ಕೇಳಿ ಪಡೆದು, ಅತ್ತಿಗೆಯನ್ನು ಮಣೆಯ ಮೇಲೆ ಕೂರಿಸಿದಳು. ತವರಿನಿಂದ ಕಳಿಸುವಾಗ ಮಗಳ ಉಡಿ ತುಂಬುವುದು ಹೆತ್ತವ್ವ. ಅವತ್ತು ಮೊದಲು ತುಂಬಿದ್ದು ಅತ್ತೆ.

"ಬೀಗ್ತಿ, ನನಗೂ ಸ್ವಲ್ಪ ಜಾಗ ಬಿಡ್ರಿ ಉಡಿಯಾಗ" ಅಂದಳು ಅತ್ತಿಗೆಯ ಅವ್ವ, ಚಹಾದ ಲೋಟ ಕೆಳಗಿಟ್ಟು ಕಣ್ಣು ಒರೆಸಿಕೊಳ್ಳುತ್ತ.

ಮಧ್ಯಾಹ್ನದ ಬಸ್ಸಿಗೆ ಮೂವರೂ ಹತ್ತಿದೆವು. ಮೂರು ಜನರ ಸೀಟು. ಕಿಟಕಿಗೆ ಅವ್ವ, ನಡುವೆ ನಾನು, ಈಚೆ ಅತ್ತಿಗೆ. ಗುರುಬಸವರಾಜ ಕೊಟ್ಟ ಮೊಗ್ಗಿನ ಪೊಟ್ಟಣ ನನ್ನ ತೊಡೆಯ ಮೇಲಿತ್ತು, ಇಡೀ ಬಸ್ಸು ಘಮಘಮ ಅನ್ನುತ್ತಿತ್ತು. ಈ ಸೀಟಿನಲ್ಲಿ ಹೀಗೆ ಇಬ್ಬರ ನಡುವೆ ಇಕ್ಕಟ್ಟಾಗಿ ಕೂತದ್ದು ನನಗೆ ಎಷ್ಟು ಹಿತವಾಗಿತ್ತು ಅಂದರೆ, ಬಸ್ಸು ತಡವಾಗಿ ಮುಟ್ಟಲಿ ಅನಿಸುತ್ತಿತ್ತು.

ಹರಪನಹಳ್ಳಿ ಹತ್ತಿರ ಬರುವಾಗ ಅತ್ತಿಗೆ ನನ್ನ ಮುಂದಿನಿಂದ ಬಗ್ಗಿ ಕೇಳಿದಳು. "ಅತ್ತಿ, ಉಳ್ಳಾಗಡ್ಡಿ ಎಷ್ಟು ಸಂದು ಬಿಟ್ಟು ಹಚ್ಚೀರಿ?"

"ಎರಡು ಬೆರಳು."

"ಎರಡು ಬೆರಳು ಸಾಲಂಗಿಲ್ರಿ. ಒಂದಕ್ಕೊಂದು ಒತ್ತಿ ಗಡ್ಡಿ ಕೂಡಂಗಿಲ್ಲ. ಮಲ್ಲಿಗಿ ಬೇರಿಗೂ ಬಾಳ ಹತ್ರ ಆತು. ನಾಳೆ ಎಲ್ಲಾ ಕಿತ್ತು ಬ್ಯಾರೆ ಹಚ್ತೀನಿ."

ನಾನು ಅವ್ವನ ಮುಖ ನೋಡಿದೆ. ಅವ್ವ ಕಿಟಕಿಯ ಆಚೆ ಮೆಕ್ಕೆಜೋಳದ ಹೊಲಗಳನ್ನು ನೋಡುತ್ತಿದ್ದಳು. ಅವಳ ಉಗುರ ಸಂದಿಯಲ್ಲಿ ನಿನ್ನೆಯ ಮಣ್ಣು ಇನ್ನೂ ಇತ್ತು.

"ಕೀಳವ್ವ" ಅಂದಳು. "ನಿನ್ನ ಪಾತಿ."